ಕದರಮ್ಮನ ಕಂಬಳಿ

ಗುಂಡ್ಲಹಳ್ಳಿಯ ಸ್ಕೂಲು ಮೇಷ್ಟ್ರು ನಂದೀಶ್ವರಯ್ಯನವರಿಗೆ ಇಂಗ್ಲಿಷು ಬರುತ್ತದೆ ಎಂಬುದು ಪುರವರದ ಹೋಬಳಿಗೆಲ್ಲ ಗೊತ್ತಿತ್ತು. ಎಷ್ಟು ಬರುತ್ತದೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ತುಮಕೂರಿನಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿ ಬರುವಾಗ ರಟ್ಟು ಕಿತ್ತುಹೋದ ಒಂದು ಡಿಕ್ಷನರಿ ತಂದಿದ್ದರು. ಅದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದರು. ಯಾರಾದರೂ ಕೋರ್ಟಿನ ಕಾಗದವನ್ನೋ ತಂತಿಯನ್ನೋ ಹಿಡಿದು ಬಂದರೆ ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಆಮೇಲೆ ಗಂಟು ಬಿಚ್ಚುತ್ತಿದ್ದರು. ನೋಡುವವರಿಗೆ ಅರ್ಧ ಇಂಗ್ಲಿಷು ಅಲ್ಲೇ ಬಂದುಬಿಟ್ಟ ಹಾಗಿರುತ್ತಿತ್ತು.

ಆ ವರ್ಷ ಪುಷ್ಯ ಮಾಸದಲ್ಲಿ ಗೌಡರ ಕಣಜದೊಳಗೆ ಇಲಿ ಸತ್ತು ಬಿತ್ತು. ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟು ಆಗಲೇ ಹತ್ತು ಹನ್ನೆರಡು ವರ್ಷವಾಗಿತ್ತು. ಇಲಿ ಬಿದ್ದರೆ ಏನರ್ಥವೆಂದು ಕೂಸಿಗೂ ಗೊತ್ತಿತ್ತು. ಮೂರೇ ದಿನದಲ್ಲಿ ಊರು ಖಾಲಿಯಾಯಿತು. ರಾಗಿ ಕೊಯ್ದ ಹೊಲಗಳಲ್ಲಿ ತೆಂಗಿನ ಗರಿಯ ಗುಡಿಸಲುಗಳು ಎದ್ದವು. ಜನ ದನ ಕರು ಕುಕ್ಕೆ ಕೋಳಿಗಳೊಂದಿಗೆ ಅಲ್ಲಿ ಹೋಗಿ ಕೂತು, ತಮ್ಮದೇ ಊರನ್ನು ದೂರದಿಂದ ನೋಡುತ್ತ ನಡುಗಿದರು. ಮಧುಗಿರಿ ಬೆಟ್ಟದ ಕಡೆಯಿಂದ ಬೀಸುವ ಚಳಿಗಾಳಿಗೆ ಗರಿಗಳು ಇಡೀ ದಿನ ಸದ್ದು ಮಾಡುತ್ತಿದ್ದವು.

ನಾಲ್ಕನೆಯ ದಿನ ಪ್ಲೇಗು ಇನ್ಸ್‌ಪೆಕ್ಟರು ವೆಂಕಟರಾಮಯ್ಯನವರು ಸೈಕಲ್ಲು ತುಳಿದುಕೊಂಡು ಬಂದರು. ಅವರ ಕೈಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ನೋಟೀಸು ಇತ್ತು.

"ಕನ್ನಡದ್ದು ಇನ್ನೂ ಬಂದಿಲ್ಲ ಮೇಷ್ಟ್ರೆ. ನಾನು ಸಂಜೆಯೊಳಗೆ ಐದಾರು ಊರು ಸುತ್ತಬೇಕು. ನೀವೇ ಕನ್ನಡ ಮಾಡಿ ತಮಟೆ ಹೊಡೆಸಿಬಿಡಿ. ಇದೇ ಚೀಟಿಯ ನಕಲನ್ನು ಬೇರೆ ಹಳ್ಳಿಗಳಿಗೂ ಕಳಿಸೋಣ" ಎಂದರು.

ಮೇಷ್ಟ್ರು ಉಬ್ಬಿಹೋದರು. ಗುಡಿಸಲಿನಲ್ಲೇ ಕೈಕಾಲು ತೊಳೆದು ಡಿಕ್ಷನರಿಯ ಗಂಟು ಬಿಚ್ಚಿದರು. ಹೆಂಡತಿ ಗಂಗಲಕ್ಷ್ಮಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಉಳಿದ ಸಾಲೆಲ್ಲ ಸಲೀಸಾಗಿ ಬಂತು. 'ಕಂಟ್ಯಾಮಿನೇಟೆಡ್' ಆದ ಬಟ್ಟೆ, ಹಾಸಿಗೆ, ಹೊದಿಕೆಗಳನ್ನು ಸುಡತಕ್ಕದ್ದು ಎಂಬಲ್ಲಿ ಆ ಒಂದು ಪದ ಕಾಲಿಗೆ ತೊಡರಿಕೊಂಡಿತು.

ಡಿಕ್ಷನರಿಯಲ್ಲಿ ಕೆಡುವುದು, ಹೊಲಸಾಗುವುದು ಎಂದು ಅರ್ಥ ಕೊಟ್ಟಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪದದ ಹುಟ್ಟು ಬರೆದಿತ್ತು. ಲ್ಯಾಟಿನ್ ಎಂಬ ಹಳೆಯ ಭಾಷೆಯ ಮಾತಂತೆ. ಮೂಲದಲ್ಲಿ ಅದಕ್ಕೆ ಒಂದಕ್ಕೊಂದು ಮುಟ್ಟುವುದು ಎಂದಷ್ಟೇ ಅರ್ಥವಂತೆ. ಮೇಷ್ಟ್ರಿಗೆ ನಗು ಬಂತು. ಇಷ್ಟುದ್ದದ ಪದದ ಹೊಟ್ಟೆಯೊಳಗೆ ಇರುವುದು ಇಷ್ಟೇನಾ? ದನ ಮುಟ್ಟುತ್ತೇವೆ, ಮಣ್ಣು ಮುಟ್ಟುತ್ತೇವೆ. ಮುಟ್ಟಿದ್ದನ್ನೆಲ್ಲ ಸುಡಿ ಎಂದರೆ ಮೇಷ್ಟ್ರಿಗೇ ತಲೆ ಕೆಟ್ಟಿದೆ ಎಂದಾರು. ಸೋಂಕು ಎನ್ನೋಣವೆಂದರೆ ಈ ಜನಕ್ಕೆ ಸೋಂಕೆಂದರೆ ಗಾಳಿಸೋಂಕು. ನೇರವಾಗಿ ಮಂತ್ರವಾದಿಯ ಮನೆ ದಾರಿ ಹಿಡಿಯುತ್ತಾರೆ. ಇವರು ಹೆದರಿ ಮಾತು ಕೇಳುವಂಥ ಪದ ಬೇಕು.

ಪೆನ್ನು ಅದ್ದಿ 'ಮೈಲಿಗೆಯಾದ' ಎಂದು ದಪ್ಪಕ್ಷರದಲ್ಲಿ ಬರೆದರು. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದರು.

"ಮೈಲಿಗೆ ಅಂದ್ರೆ ಒಗೆದ್ರೂ ಹೋಗ್ತದಲ್ಲ, ಸುಡೋದ್ಯಾಕೆ?" ಎಂದಳು ಗಂಗಲಕ್ಷ್ಮಮ್ಮ, ಕಾಯಿ ಸುಲಿಯುವ ಕೈ ನಿಲ್ಲಿಸದೆ.

"ನಿನಗೆ ಇದೆಲ್ಲ ತಿಳಿಯೋಲ್ಲ, ಸುಮ್ನಿರು" ಎಂದರು ಮೇಷ್ಟ್ರು.

ಅವಳು ಸುಮ್ಮನಾದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳಿಗೆ ಅದು ಚೆನ್ನಾಗಿ ರೂಢಿಯಾಗಿತ್ತು.

ಮಧ್ಯಾಹ್ನ ಊರಿಗೆ ಸುದ್ದಿ ಸಾರುವ ಪಾಲಣ್ಣ ತಮಟೆ ಹೊಡೆದ. "ಕೇಳ್ರಪ್ಪೋ ಕೇಳ್ರಿ! ಕಾಯ್ಲೆ ಬಂದೋರ ಮನೇಲಿ ಮೈಲಿಗೆ ಆಗಿರೋ ಬಟ್ಟೆ, ಹಾಸ್ಗೆ, ಹೊದ್ಕೆ ಸುಟ್ಟಾಕ್ಬೇಕಂತೆ! ಸರ್ಕಾರದ ಹುಕುಂ ಐತೆ!"

ಕೆಲಸ ಆಯಿತು ನೋಡಿ! ಹೋದ ಸಲ ಪೊಲೀಸರನ್ನು ಕರೆಸಿದರೂ ಒಂದು ಚಿಂದಿ ಕೊಡದಿದ್ದ ಜನ ಈ ಸಲ ತಾವಾಗಿಯೇ ಸೀರೆ, ಕೌದಿ, ದಿಂಬುಗಳನ್ನು ಹೊತ್ತು ತಂದು ಬೆಂಕಿಗೆ ಹಾಕಿದರು. ಮೊದಲು ಸತ್ತವಳು ಕಂಬಳಿ ನೇಯುವ ಬೊಮ್ಮಪ್ಪನ ತಾಯಿ ಕದರಮ್ಮ. ತಾಯಿಯನ್ನು ಮಣ್ಣು ಮಾಡಿ ಬಂದ ಬೊಮ್ಮಪ್ಪ ಅವಳು ತಲೆಗೆ ಕಟ್ಟುತ್ತಿದ್ದ ಚೌರಿಯನ್ನೂ ಬಿಡದೆ ಸುಟ್ಟ. ಇನ್ಸ್‌ಪೆಕ್ಟರು ಮೇಷ್ಟ್ರ ಬೆನ್ನು ತಟ್ಟಿ, ನಿಮ್ಮ ಕನ್ನಡಕ್ಕೆ ಲಾಠಿಗಿಂತ ಬಲವಿದೆ ಎಂದರು. ಹೆಸರು ಪಟ್ಟಿ ಬರೆಯುವುದಕ್ಕೆಂದು ಅವರನ್ನು ಮೂರು ದಿನ ಹೋಬಳಿ ಸುತ್ತಲು ಕರೆದುಕೊಂಡೂ ಹೋದರು. ಚೀಟಿಯ ನಕಲು ಇನ್ನೂ ಆರು ಹಳ್ಳಿಗೆ ಹೋಯಿತು.

ಮೇಷ್ಟ್ರು ಗುಡಿಸಲಿಗೆ ಮರಳಿದ್ದು ಗುರುವಾರ ಬೆಳಿಗ್ಗೆ. ಅವರ ಒಬ್ಬಳೇ ಮಗಳು ಜಗದಾಂಬ ಬಾಗಿಲ ಮುಂದೆ ಬಿಸಿಲು ಕಾಯಿಸುತ್ತ ಕೂತಿದ್ದಳು. ತುಂಬಿದ ಬಸುರಿ. ಇಲಿ ಬೀಳುವ ಹದಿನೈದು ದಿನ ಮುಂಚೆ ಚೊಚ್ಚಲ ಬಾಣಂತನಕ್ಕೆಂದು ಕೊರಟಗೆರೆಯಿಂದ ಬಂದಿದ್ದಳು. ಈಗ ಪ್ಲೇಗಿನ ಊರಿನವಳೆಂದು ಅತ್ತೆ ಮನೆಯವರು ವಾಪಸು ಕರೆಸಿಕೊಳ್ಳುವ ಹಾಗಿರಲಿಲ್ಲ. ಗಂಗಲಕ್ಷ್ಮಮ್ಮ ಹಿಂದೆ ಕೂತು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಗಳ ಕಾಲ ಮೇಲೆ ಕೆಂಪಂಚಿನ ಒಂದು ಕರಿಯ ಕಂಬಳಿ ಇತ್ತು. ಒಳ್ಳೆಯ ಕಂಬಳಿ, ಉಣ್ಣೆ ಮಿರಮಿರ ಮಿನುಗುತ್ತಿತ್ತು.

"ಎಲ್ಲಿತ್ತು ಇದು?"

"ಬೊಮ್ಮಣ್ಣ ಸೋಮವಾರ ತಂದುಕೊಟ್ಟ" ಎಂದಳು ಹೆಂಡತಿ. "ಬಸುರಿ ಹೆಣ್ಣು ಚಳೀಲಿ ಮಲಗ್ತಾಳೆ, ನಮ್ಮವ್ವ ತಾನೇ ನೂಲು ತೆಗ್ದಿದ್ದು, ಹೊದ್ಕೊಳ್ಳಲಿ ಅಂದ. ಕದರಮ್ಮ ಹೊದೀತಿದ್ದಿದ್ದೇ ಇದು."

ಮೇಷ್ಟ್ರು ಬಗ್ಗಿ ಕಂಬಳಿಯ ಅಂಚು ನೋಡಿದರು. "ಅವಳದೆಲ್ಲ ಸುಟ್ಟನಲ್ಲ?"

"ಎಲ್ಲಾ ಸುಟ್ಟ ಪಾಪ. ಕಂಬ್ಳಿ ಯಾಕೆ ಸುಡ್ತಾನೆ? ಕಂಬ್ಳಿಗೆಲ್ಲಿ ಮೈಲಿಗೆ?"

 ಇದು ಮೇಷ್ಟ್ರಿಗೆ ಗೊತ್ತಿಲ್ಲದ ಸಂಗತಿಯಲ್ಲ, ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತಿಲ್ಲದ್ದಲ್ಲ. ಹತ್ತಿ ಬಟ್ಟೆಗೆ ಮೈಲಿಗೆ ಉಂಟು, ಉಣ್ಣೆಗೆ ಇಲ್ಲ. ಮದುವೆಯಲ್ಲಿ ಗದ್ದಿಗೆಗೆ ಹಾಸುವುದು ಕಂಬಳಿ, ಪಂಚಾಯಿತಿಯಲ್ಲಿ ಆಣೆ ಮಾಡಿಸುವುದು ಕಂಬಳಿಯ ಮೇಲೆ. ಹೆರಿಗೆಯ ಮನೆಗೆ ಹೋಗಲಿ, ಸಾವಿನ ಮನೆಗೆ ಹೋಗಲಿ, ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡರಾಯಿತು. ಮೈಲಿಗೆಯಾದದ್ದನ್ನು ಸುಡಿ ಎಂದು ತಾವೇ ಬರೆದರು. ಜನ ಅಕ್ಷರ ತಪ್ಪದೆ ಹಾಗೇ ಮಾಡಿದರು. ಎಲ್ಲ ಸುಟ್ಟು, ಕಂಬಳಿ ಉಳಿಸಿಕೊಂಡರು. ಅದರಲ್ಲಿ ಒಂದು ಈಗ ತಮ್ಮ ಮಗಳ ಕಾಲ ಮೇಲಿತ್ತು.

"ಎಷ್ಟು ದಿನದಿಂದ ಹೊದೀತಿದ್ದೀಯೆ?" ಕೇಳುವಾಗ ದನಿ ಕೀರಲಾಯಿತು.

"ಅದು ಚುಚ್ತದೆ ಅಪ್ಪಾ, ನಾನು..." ಎಂದು ಜಗದಾಂಬ ಶುರುಮಾಡಿದಳು.

"ಎಷ್ಟು ದಿನ ಅಂತ ಕೇಳಿದೆ!"

"ಸೋಮವಾರದಿಂದ, ಮೂರು ದಿನ" ಎಂದಳು ತಾಯಿ, ಗಂಡನ ಮುಖ ನೋಡಿ ಗಾಬರಿಯಾಗಿ.

ಮೇಷ್ಟ್ರು ಕಂಬಳಿಯನ್ನು ಕೋಲಿನಿಂದ ಎತ್ತಿಕೊಂಡು ಹೊಲದ ಅಂಚಿಗೆ ಓಡಿ, ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು. ಉಣ್ಣೆ ಸುಟ್ಟ ನಾತ ಗುಡಿಸಲುಗಳ ತನಕ ಹರಡಿತು. ಅಲ್ಲಿಂದ ಪುರವರಕ್ಕೆ ಓಡುತ್ತಾ ನಡೆಯುತ್ತಾ ಹೋಗಿ ಇನ್ಸ್‌ಪೆಕ್ಟರ ಮುಂದೆ ನಿಂತರು.

"ಕಂಬಳಿಯಲ್ಲೂ ಇರುತ್ತದೆಯೇ ಸ್ವಾಮಿ? ಕದರಮ್ಮನದನ್ನು ನನ್ನ ಮಗಳು ಮೂರು ದಿನ ಹೊದ್ದಿದ್ದಾಳೆ, ಸುಟ್ಟು ಬಂದೆ."

"ಏನ್ ಮಾತಾಡ್ತೀರಿ ಮೇಷ್ಟ್ರೆ? ಇಲಿಯ ಮೈಮೇಲಿನ ಚಿಗಟ ಕಚ್ಚಿ ರೋಗ ಬರೋದು. ಚಿಗಟಕ್ಕೆ ಕಂಬಳಿಗಿಂತ ಒಳ್ಳೆ ಮನೆ ಎಲ್ಲಿ ಸಿಗುತ್ತೆ? ಅದಕ್ಕೆ ಮಡಿ ಮೈಲಿಗೆ ಯಾರು ಹೇಳಿಕೊಟ್ಟಿದ್ದಾರೆ?" ಹೇಳುತ್ತ ಹೇಳುತ್ತ ವೆಂಕಟರಾಮಯ್ಯನವರಿಗೇ ಸಂಗತಿ ಹೊಳೆದು ಮುಖ ಬಿಳಿಚಿತು. "ಸುಟ್ಟದ್ದು ಇವತ್ತೋ? ಇವತ್ತಿನಿಂದ ಏಳು ದಿನ ನೋಡಿ. ಜ್ವರ ಬಂದು ತೊಡೆಸಂದಿಯಲ್ಲೋ ಕಂಕುಳಲ್ಲೋ ಗಂಟು ಎದ್ದರೆ ಆಸ್ಪತ್ರೆ ಗುಡಿಸಲಿಗೆ. ಜೊತೆಗಿದ್ದವರನ್ನ ಬೇರೆ ಕ್ಯಾಂಪಿಗೆ ಹಾಕಬೇಕಾಗುತ್ತೆ. ಮುಂದಿನ ಗುರುವಾರ ಬೆಳಗಾಗುವ ತನಕ ಏನೂ ಆಗದಿದ್ದರೆ ಗೆದ್ದಿರಿ."

ಗುಡಿಸಲಿಗೆ ಬಂದು ಹೆಂಡತಿಯನ್ನು ಹೊರಗೆ ಕರೆದು ಎಲ್ಲ ಹೇಳಿದರು. ಅವಳು ಬಾಯಿಗೆ ಸೆರಗು ಒತ್ತಿ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಮುಟ್ಟಿದ್ರೆ ಬರ್ತದಾ?"

"ಹಾಗೇ ಅಂದ್ಕೋ" ಎಂದರು. ಚಿಗಟ ಗಿಗಟ ಎಂದು ಬಿಡಿಸಿ ಹೇಳುವ ತ್ರಾಣ ಅವರಿಗಿರಲಿಲ್ಲ.

ಮಾರನೆಯ ದಿನ ಜನರನ್ನೆಲ್ಲ ಕಣದಲ್ಲಿ ಸೇರಿಸಿ, ಕಾಯಿಲೆ ಮನೆಯ ಕಂಬಳಿಗಳನ್ನೂ ಸುಡಬೇಕೆಂದು ಹೇಳಿದರು.  ಒಮ್ಮೆಗೇ ಗದ್ದಲವೆದ್ದಿತು.

"ಮೈಲಿಗೆ ಆಗಿದ್ದು ಅಂತ ನೀವೇ ಬರ್ದಿದ್ದು ಕಣ್ ಮೇಷ್ಟ್ರೆ" ಎಂದ ಪಾಲಣ್ಣ. "ಸಾರಿದೋನು ನಾನು. ಕಂಬ್ಳಿಗೆ ಮೈಲಿಗೆ ಐತೆ ಅಂತ ಯಾವ ಸೀಮೇಲಾದ್ರೂ ಉಂಟಾ?"

"ನಾನು ಬರೆದ ಮಾತು ತಪ್ಪಾಗಿತ್ತು" ಎಂದರು ಮೇಷ್ಟ್ರು. ಆ ಬಾಯಿಂದ ಆ ಮಾತು ಯಾವತ್ತೂ ಬಂದದ್ದಿಲ್ಲ. ಬಂದಾಗ ಯಾರೂ ನಂಬಲಿಲ್ಲ. ಸರ್ಕಾರದವರು ಏನೋ ತಿರುಚಿ ಹೇಳಿಸುತ್ತಿದ್ದಾರೆ ಎಂದರು ಕೆಲವರು. ಕಂಬಳಿ ಸುಟ್ಟರೆ ಈ ಚಳಿಯಲ್ಲಿ ರೋಗವಿಲ್ಲದೆಯೂ ಸಾಯುತ್ತೇವೆ ಎಂದರು ಇನ್ನು ಕೆಲವರು. ಅದೂ ಸುಳ್ಳಲ್ಲ.

ಬೊಮ್ಮಪ್ಪ ಮಾತ್ರ ಹತ್ತಿರ ಬಂದು ನಿಂತ.  "ನಮ್ಮವ್ವನ ಕಂಬ್ಳಿ ಸುಟ್ಬುಟ್ರಂತೆ. ಅದು ಕುರಿ ಮೈಯಿಂದ ಅವಳ ಕೈಗೆ, ಅವಳ ಕೈಯಿಂದ ನನ್ನ ಮಗ್ಗಕ್ಕೆ ಬಂದಿದ್ದು. ಬ್ಯಾಡ ಅಂದಿದ್ರೆ ನಾನೇ ಇಟ್ಕೊತಿದ್ದೆ. ಸುಡಾಕೆ ಏನಾಗಿತ್ತು ಅದ್ಕೆ?"

 ಬೊಮ್ಮಪ್ಪ ಬೆನ್ನು ತಿರುಗಿಸಿ ಹೋದ. ಜನರೂ ಚದುರಿದರು, ಹೆಗಲ ಮೇಲೆ ಕಂಬಳಿ ಹೊದ್ದುಕೊಂಡೇ.

ಅಲ್ಲಿಂದ ಮುಂದಿನ ದಿನಗಳನ್ನು ನಂದೀಶ್ವರಯ್ಯನವರು ಜೀವ ಕೈಯಲ್ಲಿ ಹಿಡಿದು ಕಳೆದರು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮಗಳ ಹಣೆ ಮುಟ್ಟುವರು. ಅವಳು ಸೀನಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವರು. ಎರಡು ತುತ್ತು ಕಡಿಮೆ ಉಂಡರೆ ಇವರ ತಟ್ಟೆ ಹಾಗೇ ಉಳಿಯುವುದು. ಶನಿವಾರ ಅವಳು ಸೊಂಟ ನೋವೆಂದಾಗ ಹೊರಗೆ ಹೋಗಿ ಹುಣಿಸೆ ಮರಕ್ಕೆ ಹಣೆ ಒತ್ತಿ ಅತ್ತರು. ತುಂಬು ಬಸುರಿಗೆ ಸೊಂಟ ನೋಯುತ್ತದೆ ಎಂಬುದು ಅವರಿಗೆ ಆಗ ತೋಚಲಿಲ್ಲ. ಬೇರೆ ಹಳ್ಳಿಗಳಿಂದ ಸಾವಿನ ಸುದ್ದಿ ಬರುತ್ತಿತ್ತು. ಕಂಬಳಿಯನ್ನೂ ಸುಡಿ ಎಂದು ಇನ್ಸ್‌ಪೆಕ್ಟರು ಆ ಆರೂ ಊರಿಗೆ ಹೇಳಿಕಳಿಸಿದ್ದರೂ, ಮೇಷ್ಟ್ರ ಚೀಟಿಯನ್ನೇ ತೋರಿಸಿ ಅಲ್ಲಿಯೂ ಯಾರೂ ಸುಟ್ಟಿರಲಿಲ್ಲ; ಆ ಚೀಟಿ ಇವರ ಕಣ್ಣ ಮುಂದೆಯೇ ಇರುತ್ತಿತ್ತು.

ಗಂಗಲಕ್ಷ್ಮಮ್ಮನೂ ಆ ದಿನಗಳಲ್ಲಿ ಬೇರೆಯಾಗಿದ್ದಳು. ಮಗಳ ತಲೆ ಬಾಚುವುದು ಬಿಟ್ಟಿದ್ದಳು. ತಟ್ಟೆಯನ್ನು ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಮಲಗುವುದಕ್ಕೆ ಗುಡಿಸಲಿನ ಹಿಂದೆ ಗರಿ ಕಟ್ಟಿ ಮಾಡಿದ್ದ ಕೊಟ್ಟಿಗೆಗೆ ಹೋಗುತ್ತಿದ್ದಳು, ಹಸು ಈಯುವ ಹಾಗಿದೆ ಎಂದು. ಮಗಳು ಉಳಿಯಲೆಂದು ನಾಗಲಮಡಿಕೆ ಸುಬ್ಬಪ್ಪನಿಗೆ ಹರಕೆ ಹೊತ್ತು ಮಡಿಯಲ್ಲಿದ್ದಾಳೆ ಎಂದುಕೊಂಡರು ಮೇಷ್ಟ್ರು. ಇಂಥ ಹೊತ್ತಿನಲ್ಲೂ ಈ ಹೆಂಗಸರ ಮಡಿಯೇ ಎಂದು ಒಳಗೊಳಗೇ ರೇಗಿಕೊಂಡರು. ಮಂಗಳವಾರದಿಂದ ಅವಳು ಕುಂಟುತ್ತಿದ್ದಳು. ಏನೆಂದು ಕೇಳಿದ್ದಕ್ಕೆ ಜಾಲಿ ಮುಳ್ಳು ಎಂದಳು. ಅವರಿಗೆ ಅಷ್ಟು ಸಾಕಾಯಿತು. ಅವರ ಕಣ್ಣೆಲ್ಲ ಮಗಳ ಮೇಲಿತ್ತು.

ಗುರುವಾರ ಬಂತು. ಬೆಳಿಗ್ಗೆ ಜಗದಾಂಬ ಎದ್ದು, ಹಸಿವೆಂದು ಎರಡು ರೊಟ್ಟಿ ತಿಂದು, ಹೊಟ್ಟೆಯೊಳಗಿನ ಮಗು ಒದ್ದಿತೆಂದು ನಕ್ಕಳು. ಹಣೆ ತಣ್ಣಗಿತ್ತು. ಮೇಷ್ಟ್ರಿಗೆ ಕುಣಿಯುವಷ್ಟು ಸಂತೋಷವಾಯಿತು. ಕೊಟ್ಟಿಗೆಯ ಕಡೆಗೆ ಹೆಚ್ಚು ಕಡಿಮೆ ಓಡಿಕೊಂಡೇ ಹೋದರು.

"ಲೇ, ಗೆದ್ದೆವು ಕಣೇ! ಏಳು ದಿನ ಕಳೀತು!"

ಗಂಗಲಕ್ಷ್ಮಮ್ಮ ಹುಲ್ಲಿನ ಮೇಲೆ ಗರಿಯ ತಡಿಕೆಗೊರಗಿ ಕೂತಿದ್ದಳು. ಕಣ್ಣು ಕೆಂಡದ ಹಾಗಿತ್ತು. ಒಂದು ಕಾಲು ಮಡಿಸಲಾರದೆ ಉದ್ದಕ್ಕೆ ಚಾಚಿದ್ದಳು.

"ಅಲ್ಲೇ ನಿಲ್ಲಿ. ಮುಟ್ಬೇಡಿ" ಎಂದಳು.

ಮೇಷ್ಟ್ರು ಕೊಟ್ಟಿಗೆಯ ಕಂಬ ಹಿಡಿದುಕೊಂಡರು.

"ಅವಳಿಗೆ ಏನೂ ಇಲ್ಲ ತಾನೆ? ಸರಿಯಾಗಿ ನೋಡಿದ್ರಾ?"

"ನೋಡಿದೆ. ಏನೂ ಇಲ್ಲ."

"ಅವಳು ಹೊದೀಲೇ ಇಲ್ಲ ಕಣ್ರೀ. ಚುಚ್ತದೆ ಅಂತ ಎಸೀತಿದ್ಲು. ಹಗಲು ಕಾಲ ಮೇಲೆ ಹಾಕ್ತಿದ್ದೆ, ಅಷ್ಟೇ. ರಾತ್ರಿ ಮೂರು ದಿನಾನೂ ನಾನೇ ಹೊದ್ದೆ. ಬೆಚ್ಚಗಿತ್ತು." ಉಸಿರು ಸಾಲದೆ ಮಾತು ತಡೆದಳು. "ಗಂಟು ಮೊನ್ನೆ ಎದ್ದಿದೆ. ಹೇಳಿದ್ರೆ ನನ್ನ ಒಂದು ಕಡೆ, ಅವಳ ಒಂದು ಕಡೆ ಎಳ್ಕೊಂಡು ಹೋಗ್ತಿದ್ರು. ದಿನ ತುಂಬಿದ ಹುಡುಗಿ. ಅದಕ್ಕೇ ನಾನು ಅವಳನ್ನ ಮುಟ್ಲಿಲ್ಲ. ಏಳು ದಿನ ಕಳೀಲಿ ಅಂತ ಕಾದೆ."

ಚುಚ್ಚುತ್ತದೆ ಅಪ್ಪಾ, ನಾನು ಎಂದು ಮಗಳು ಶುರುಮಾಡಿದ್ದ ಮಾತು ಮೇಷ್ಟ್ರ ಕಿವಿಯಲ್ಲಿ ಈಗ ಪೂರ್ತಿಯಾಯಿತು. ಒಗೆದರೂ ಹೋಗುತ್ತದಲ್ಲ, ಸುಡುವುದು ಯಾಕೆ ಎಂದು ಇವಳು ಕೇಳಿದ್ದೂ ನೆನಪಾಯಿತು. ಅವತ್ತು ಅವರು ನಕ್ಕು ಬಿಟ್ಟಿದ್ದ, ಡಿಕ್ಷನರಿಯ ಆ ಚಿಕ್ಕ ಅಕ್ಷರದ 'ಮುಟ್ಟುವುದು' ಎಂಬ ಅರ್ಥವನ್ನು ಅಕ್ಷರ ಬಾರದ ಇವಳು ಒಂದೇ ಪ್ರಶ್ನೆಯಲ್ಲಿ ಹಿಡಿದಿದ್ದಳು. ಹಿಡಿದು ಏಳು ದಿನ ಸ್ವಂತ ಮಗಳ ತಲೆ ಮುಟ್ಟದೆ ಬದುಕಿದ್ದಳು. ಅವರು ಒಂದು ಹೆಜ್ಜೆ ಮುಂದಿಟ್ಟರು. ಅವಳು ಹುಲ್ಲಿನ ಮೇಲೆ ತೆವಳಿ ಹಿಂದಕ್ಕೆ ಸರಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಹೆಂಡತಿ ಹೇಳಿದ ಹಾಗೆ ಕೇಳಿ ಅಲ್ಲೇ ನಿಂತರು.

ಆಸ್ಪತ್ರೆ ಗುಡಿಸಲಿನಲ್ಲಿ ಅವಳು ಎರಡು ದಿನ ಇದ್ದಳು. ಇನ್ಸ್‌ಪೆಕ್ಟರು ತಾವೇ ಹೊಣೆ ಹೊತ್ತು ಜಗದಾಂಬಳನ್ನು ಕ್ಯಾಂಪಿಗೆ ಕಳಿಸದೆ, ಸೂಲಗಿತ್ತಿಯ ಜೊತೆ ಹೊಸ ಗುಡಿಸಲಿನಲ್ಲಿ ಇಡಿಸಿದರು. ಶನಿವಾರ ಮಧ್ಯಾಹ್ನ ಗಂಗಲಕ್ಷ್ಮಮ್ಮ ಹೋದಳು. ಸಮಾಧಿಗೆ ನಾಲ್ಕೇ ಜನ ಬಂದರು, ದೂರ ನಿಂತು ಕೈ ಮುಗಿದರು.

ಮಣ್ಣು ಮಾಡಿ ಬಂದ ಮೇಷ್ಟ್ರು ಕಣದ ಮಧ್ಯೆ ಬೆಂಕಿ ಹಾಕಿದರು. ಅವಳ ಸೀರೆಗಳನ್ನು ಹಾಕಿದರು, ಹಾಸಿಗೆ ಹಾಕಿದರು. ಜನ ತಮ್ಮ ತಮ್ಮ ಗುಡಿಸಲ ಮುಂದೆ ನಿಂತು ನೋಡುತ್ತಿದ್ದರು. ಆಮೇಲೆ ಅವರು ಕೊಟ್ಟಿಗೆಯ ಹುಲ್ಲಿನಡಿಯಿಂದ ಬಿಳಿಯ ಕಂಬಳಿಯೊಂದನ್ನು ತೆಗೆದರು. ಅದು ಅವರ ಮದುವೆಯ ಗದ್ದಿಗೆಯ ಕಂಬಳಿ. ಅದರ ಮೇಲೆ ಅಂದು ಗಂಡ ಹೆಂಡತಿ ಒಬ್ಬರ ಪಕ್ಕದಲ್ಲಿ ಒಬ್ಬರು ಕೂತಿದ್ದರು. ಈ ಚಳಿಗೆ ಅದನ್ನೂ ತೆಗೆದು ಅವಳು ಕೊನೆಯ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಹೊದ್ದು, ಮಗಳ ಕೈಗೆ ಸಿಗದಿರಲೆಂದು ಅಲ್ಲೇ ಮಡಿಸಿ ಇಟ್ಟಿದ್ದಳು. ಮೇಷ್ಟ್ರು ಅದನ್ನು ಎಲ್ಲರಿಗೂ ಕಾಣುವ ಹಾಗೆ ಕೋಲಿನ ತುದಿಯಲ್ಲಿ ಎತ್ತಿ ಹಿಡಿದು ಬೆಂಕಿಗೆ ಹಾಕಿದರು. ನೋಡುತ್ತಿದ್ದ ಹೆಂಗಸರು ಅಯ್ಯೋ ಎಂದು ಕೂಗಿಕೊಂಡರು.

ಪಾಲಣ್ಣ ತಮಟೆ ಹಿಡಿದು ಬಂದು ತಲೆ ತಗ್ಗಿಸಿ ನಿಂತ. "ಏನಂತ ಸಾರ್ಲಿ ಮೇಷ್ಟ್ರೆ?"

"ಮುಟ್ಟಿದ್ದು ಅನ್ನು" ಎಂದರು. "ಕಾಯಿಲೆಯವರು ಮುಟ್ಟಿದ್ದು, ಅವರ ಮೈಗೆ ತಾಗಿದ್ದು, ಎಲ್ಲಾ ಸುಡಬೇಕು. ಮೊದಲು ಕಂಬಳಿ. ಆ ಆರು ಊರಿಗೂ ಈಗಲೇ ಹೋಗು. ಮೈಲಿಗೆ ಅನ್ನೋ ಮಾತು ಎಲ್ಲೂ ಎತ್ತಬೇಡ."

ತಮಟೆಯ ಸದ್ದು ಹೊಲಗಳನ್ನು ದಾಟಿ ಹೋಯಿತು.  ಆಮೇಲೆ ಬೊಮ್ಮಪ್ಪ ಬಂದ. ತಾಯಿ ಸತ್ತ ಮನೆಯಲ್ಲಿ ಉಳಿದಿದ್ದ ಕಂಬಳಿಗಳನ್ನೆಲ್ಲ, ಮಗ್ಗದ ಮೇಲಿದ್ದ ಅರ್ಧ ನೇಯ್ದದ್ದನ್ನೂ ಕಿತ್ತು, ಒಂದು ದೊಣ್ಣೆಗೆ ನೇತುಹಾಕಿ ತಂದಿದ್ದ. ಬೆಂಕಿಯ ಆ ಬದಿಯಲ್ಲಿ ನಿಂತ. 

"ಮೇಷ್ಟ್ರೆ, ನಿಜ ಹೇಳ್ಬುಡಿ. ಅಮ್ಮಾವ್ರಿಗೆ ನಮ್ಮವ್ವನ ಕಂಬ್ಳೀಲೇ ಬಂತಾ? ನಾನು ಕೊಟ್ಟಿದ್ರಲ್ಲಾ?"

ನಂದೀಶ್ವರಯ್ಯನವರು ಅವನನ್ನು ನೋಡಿದರು. ಗುಡಿಸಲ ಮುಂದೆ ನಿಂತಿದ್ದ ಇಡೀ ಊರು ಅವರ ಬಾಯನ್ನೇ ನೋಡುತ್ತಿತ್ತು.

"ಇಲ್ಲ ಬೊಮ್ಮಪ್ಪ" ಎಂದರು. "ನಾನು ಬರೆದ ಚೀಟೀಲಿ ಬಂತು."

ಬೊಮ್ಮಪ್ಪ ಕಂಬಳಿಗಳನ್ನು ಒಂದೊಂದಾಗಿ ಬೆಂಕಿಗೆ ಇಳಿಸಿದ. ಅವನ ಹಿಂದೆ ಜನ ತಮ್ಮ ಕಂಬಳಿಗಳನ್ನು ಕೋಲಿನ ತುದಿಯಲ್ಲಿ ಎತ್ತಿ ಹಿಡಿದು, ಒಬ್ಬರಿಗೊಬ್ಬರು ತಾಗದಷ್ಟು ದೂರ ಬಿಟ್ಟು, ಸಾಲಾಗಿ ಬರತೊಡಗಿದರು.